ಮಾನಪ್ಪನ ಸ್ಟಾಪು

ನನಗಾಗ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಈಗ ಯಾಕೆ ನೆನಪಾಯಿತೆಂದರೆ, ನಿನ್ನೆ ಬೆಳಿಗ್ಗೆ ನಮ್ಮ ಸೊಸಾಯಟಿಯ ಗೇಟಿನ ಹೊರಗೆ ಒಂದು ತಮಾಷೆ ನೋಡಿದೆ. ಬೂಟು ಹಾಕಿಕೊಂಡ ಒಬ್ಬ ದೊಡ್ಡ ಮನುಷ್ಯ ಫೋನಿನಲ್ಲಿ ರಿಕ್ಷಾ ಹುಡುಕುತ್ತ ನಿಂತಿದ್ದ. ಅವನ ಬೆನ್ನ ಹಿಂದೆಯೇ ಒಂದು ಖಾಲಿ ರಿಕ್ಷಾ. ಅದರೊಳಗೆ ರಿಕ್ಷಾದವನು ಫೋನಿನಲ್ಲಿ ಗಿರಾಕಿ ಹುಡುಕುತ್ತ ಕೂತಿದ್ದ. ಇಬ್ಬರ ನಡುವೆ ಎರಡು ಮೊಳ ಜಾಗ. ಇವನು ಒಮ್ಮೆ ನಿಟ್ಟುಸಿರು ಬಿಡುತ್ತಾನೆ, ಅವನು ಒಮ್ಮೆ ಆಕಳಿಸುತ್ತಾನೆ. 'ಅಪ್ಪಾ, ಸ್ವಲ್ಪ ಹಿಂದಕ್ಕೆ ತಿರುಗು' ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಕೇಳದವರಿಗೆ ದಾರಿ ಹೇಳುವ ಚಟ ನಾನು ಬಿಟ್ಟಿದ್ದೇನೆ. ಅದನ್ನು ಬಿಡಿಸಿದವನು ನನ್ನ ಮಗ ಸುರೇಶ.

ಆಗ ನಾನು ದಿನಾ ಪುಣೆಯ ಕೋಥರೂಡದಿಂದ ಊರಿನ ಇನ್ನೊಂದು ತುದಿಯ ಭೋಸರಿಗೆ ಹೋಗುತ್ತಿದ್ದೆ. ಕೋಥರೂಡದಲ್ಲಿ ಸುರೇಶನ ಫ್ಲಾಟು. ಅವನು ಒಂದು ಕಂಪನಿಯಲ್ಲಿ ಲೆಕ್ಕ ನೋಡುತ್ತಾನೆ. ಭೋಸರಿಯಲ್ಲಿ ನನ್ನ ನೆಗೆಣ್ಣಿ ಗೌರವ್ವನ ಖಾನಾವಳಿ. ಅಲ್ಲಿ ಉಣ್ಣಲು ಬರುವವರೆಲ್ಲ ಕಾರಖಾನೆಯ ಮಂದಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು. ಸಾರು, ಪಲ್ಲೆ ಗೌರವ್ವನದು. ಜೋಳದ ರೊಟ್ಟಿ ನನ್ನದು. ಗೌರವ್ವ ಬಡಿದ ರೊಟ್ಟಿಯನ್ನು ನೀವು ನೋಡಿಲ್ಲ, ಪುಣ್ಯವಂತರು. ಅದನ್ನು ಗೋಡೆಗೆ ಹಚ್ಚಿದರೆ ಗೋಡೆ ಗಟ್ಟಿಯಾಗುತ್ತದೆ.

ಸುರೇಶನಿಗೆ ಇದು ಸ್ವಲ್ಪ ಅವಮಾನ. ಸೊಸಾಯಟಿಯಲ್ಲಿ ಯಾರಾದರೂ ಕೇಳಿದರೆ, "ಅವ್ವಗ ಮನ್ಯಾಗ ಬ್ಯಾಸರ ಆಗ್ತದ, ಕಾಕು ಕಡೆ ಹೋಗಿ ಕುಂತು ಬರ್ತಾಳ" ಎನ್ನುತ್ತಾನೆ. ಬೇಸರಕ್ಕೆ ಹೋದವಳು ದಿನಾ ಬುಟ್ಟಿಗಟ್ಟಲೆ ರೊಟ್ಟಿ ಬಡಿಯುತ್ತಾಳೆಯೇ? ಬೇಸರಕ್ಕೆ ಮಂದಿ ದೇವಸ್ಥಾನಕ್ಕೆ ಹೋಗುತ್ತಾರೆ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಮಂಡಿನೋವಿನ ಮಾತಾಡುತ್ತಾರೆ. ನನಗೂ ಮಂಡಿನೋವು ಇದೆ. ಆದರೆ ಅದರ ಬಗ್ಗೆ ಮಾತಾಡಲು ನನಗೆ ಪುರಸತ್ತು ಇರಲಿಲ್ಲ.

ನಿಮಗೆ ಖರೆ ಹೇಳುತ್ತೇನೆ. ನಾನು ಅಷ್ಟು ದೂರ ಹೋಗುತ್ತಿದ್ದದ್ದು ರೊಟ್ಟಿಯ ಸಲುವಾಗಿ ಎಷ್ಟೋ, ಬಸ್ಸಿನ ಸಲುವಾಗಿಯೂ ಅಷ್ಟೇ. ಎರಡು ಬಸ್ಸು. ಮನೆಯಲ್ಲಿ ನಾನು ಸುರೇಶನ ಅವ್ವ, ಸುಜಾತಾಳ ಅತ್ತೆ. ಖಾನಾವಳಿಯಲ್ಲಿ ಗೌರವ್ವನ ಅಕ್ಕ. ಬಸ್ಸಿನಲ್ಲಿ ಮಾತ್ರ ನಾನು ಯಾರಿಗೂ ಏನೂ ಅಲ್ಲ. ಕಿಡಕಿಯ ಪಕ್ಕ ಕೂತರೆ ಊರೆಲ್ಲ ತಾನಾಗಿ ನಡೆದು ಬಂದು ಮುಖ ತೋರಿಸಿ ಹೋಗುತ್ತದೆ. ಹೆಂಗಸರ ಸೀಟಿನಲ್ಲಿ ಕೂತ ಗಂಡಸನ್ನು ಎಬ್ಬಿಸುವ ಸುಖ ಬೇರೆ. ಒಮ್ಮೆ ಒಬ್ಬಳು ತನ್ನ ಸೊಸೆಯ ಪುರಾಣ ಪೂರ್ತಿ ಹೇಳಿ, ಕಣ್ಣೊರೆಸಿಕೊಂಡು, ಹೆಸರು ಹೇಳದೆ ಇಳಿದು ಹೋದಳು. ಆ ಸೊಸೆಯ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಯಾರ ಸೊಸೆಯೋ ಗೊತ್ತಿಲ್ಲ.

ಬಸ್ಸು ಬದಲಾಯಿಸುವುದು ಮಾನಪ್ಪನ ಹತ್ತಿರ. ಈ ಮಾನಪ್ಪನ ವಿಷಯ ಸ್ವಲ್ಪ ಹೇಳಬೇಕು.

ಮದುವೆಯಾಗಿ ಮುಧೋಳದ ಕಡೆಯಿಂದ ಪುಣೆಗೆ ಬಂದಾಗ ನನಗೆ ಮರಾಠಿಯಲ್ಲಿ ಒಂದು ಅಕ್ಷರ ಬರುತ್ತಿರಲಿಲ್ಲ. ಬಸ್ಸು ಹತ್ತಿದರೆ ಕಂಡಕ್ಟರ್ ಬಾಗಿಲಿಗೆ ಜೋತು ಬಿದ್ದು, "ಮನಪಾ, ಮನಪಾ, ಚಲಾ ಮನಪಾ" ಎಂದು ಕೂಗುತ್ತಿದ್ದ. ಊರಿನ ಅರ್ಧ ಬಸ್ಸುಗಳು ಅಲ್ಲಿಗೇ ಹೋಗುತ್ತಿದ್ದವು. ನನ್ನ ಕಿವಿಗೆ ಅದು ಮಾನಪ್ಪ ಎಂದೇ ಬಿತ್ತು. ನಮ್ಮ ಕಡೆ ಓಣಿಗೊಬ್ಬ ಮಾನಪ್ಪ ಇರುತ್ತಾನೆ, ಇಬ್ಬರಿದ್ದರೂ ಆಶ್ಚರ್ಯವಿಲ್ಲ. ಅಂಥ ಒಬ್ಬ ಮಾನಪ್ಪ ಇಲ್ಲಿಗೆ ಬಂದು ದೊಡ್ಡ ಸಾಹುಕಾರನಾಗಿದ್ದಾನೆ, ಬಸ್ಸುಗಳೆಲ್ಲ ಅವನ ಮನೆಯ ಮುಂದೆಯೇ ನಿಲ್ಲಬೇಕೆಂದು ಕಟ್ಟಪ್ಪಣೆ ಮಾಡಿಸಿದ್ದಾನೆ ಎಂದು ನಾನು ತಿಳಿದೆ. ಅವನ ಚಿತ್ರವೂ ಕಣ್ಣಿಗೆ ಕಟ್ಟಿತ್ತು. ದೊಡ್ಡ ಹೊಟ್ಟೆ, ಕೆಂಪು ರುಮಾಲು, ಕಿವಿಯಲ್ಲಿ ಬಂಗಾರದ ಒಂಟಿ. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತ, ಬಂದ ಬಸ್ಸುಗಳನ್ನು ಎಮ್ಮೆ ಎಣಿಸಿದ ಹಾಗೆ ಎಣಿಸುತ್ತಾನೆ.

ನಮ್ಮವರನ್ನು ಕೇಳಿದೆ. ಅವರು ದಿನವಿಡೀ ಲೇಥ್ ಮಷೀನಿನ ಮುಂದೆ ನಿಂತು ಬಂದು ಗೋಡೆಗೆ ಒರಗಿದವರು, ಕಣ್ಣು ತೆರೆಯದೆಯೇ, "ಇರಬೇಕು. ದೊಡ್ಡ ಕುಳಾ ಇರಬೇಕು" ಎಂದರು. ಹೀಗೆ ಗಂಡ ಹೆಂಡತಿ ಇಬ್ಬರೂ ಎಷ್ಟೋ ವರ್ಷ ಮಾನಪ್ಪನ ಆಳ್ವಿಕೆಯಲ್ಲಿ ಬದುಕಿದೆವು. ಕೊನೆಗೆ ಸುರೇಶ ಶಾಲೆ ಕಲಿತು ಬಂದು, "ಅವ್ವಾ, ಮಾನಪ್ಪ ಅಲ್ಲ. ಮ, ನ, ಪಾ. ಮಹಾನಗರಪಾಲಿಕಾ" ಎಂದು ಬಿಡಿಸಿ ಹೇಳಿದ. ನಾನು ಎರಡು ಸಲ ಹೇಳಿ ನೋಡಿದೆ. ಅಷ್ಟುದ್ದ ಹೆಸರು ಹೇಳುವಷ್ಟರಲ್ಲಿ ಬಸ್ಸು ಹೊರಟು ಹೋಗುತ್ತದೆ. ಮರಾಠಿಯವರ ಮುಂದೆ ಮನಪಾ ಎನ್ನುತ್ತೇನೆ. ಮನೆಯಲ್ಲಿ, ಗೌರವ್ವನ ಹತ್ತಿರ, ನನ್ನ ಮನಸ್ಸಿನೊಳಗೆ, ಅದು ಮಾನಪ್ಪನೇ. ಈ ಊರಿನ ಹೆಸರುಗಳನ್ನು ನಂಬಿ ಕೂತರೆ ಆಗುವುದೂ ಇಲ್ಲ ಬಿಡಿ. ನಳ ಸ್ಟಾಪ್ ಎನ್ನುತ್ತಾರೆ, ನಾನು ಹುಡುಕಿದ್ದೇನೆ, ಒಂದು ನಳ ಕಂಡಿಲ್ಲ. ಬಾಯಾರಿ ಇಳಿದವನು ಬಾಯಾರಿಯೇ ಬಸ್ಸು ಹತ್ತಬೇಕು.

ಇಷ್ಟು ವರ್ಷ ತಪ್ಪದೆ ಓಡಾಡಿದವಳು ನಾನು. ತಪ್ಪಿದ್ದು ಅಕ್ಷರಗಳು ಓಡಲು ಸುರುಮಾಡಿದ ಮೇಲೆ.

ನಾನು ಶಾಲೆಗೆ ಹೋದದ್ದು ಎರಡು ಮಳೆಗಾಲ. ಕನ್ನಡ ಅಕ್ಷರ ಅಲ್ಲಿ ಕಲಿತೆ. ಮರಾಠಿ ಅಕ್ಷರ ಕಲಿತದ್ದು ಬಸ್ಸಿನ ಹಣೆಯ ಮೇಲಿನ ತಗಡಿನ ಫಲಕದಿಂದ. ತಗಡಿನ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ ಮರ್ಯಾದಸ್ಥ ಅಕ್ಷರ. ನಾನು ತುಟಿ ಅಲ್ಲಾಡಿಸಿ ಒಂದೊಂದಾಗಿ ಓದಿ ಮುಗಿಸುವವರೆಗೆ ಇದ್ದ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆಮೇಲೆ ದೀಪದ ಅಕ್ಷರ ಬಂದವು. ಅವು ಓಡುತ್ತವೆ, ಹಿಂದೆ ಪೊಲೀಸರು ಬಿದ್ದ ಹಾಗೆ. ಮೊದಲನೆಯದನ್ನು ಹಿಡಿಯುವಷ್ಟರಲ್ಲಿ ಉಳಿದವು ಬಾಲ ತೋರಿಸಿ ಹೋಗಿರುತ್ತವೆ. ಮತ್ತೆ ಬರಲಿ ಎಂದು ಕಾದರೆ ಇಂಗ್ಲಿಷಿನಲ್ಲಿ ಬರುತ್ತವೆ. ಇಂಗ್ಲಿಷ್ ಮುಗಿದು ಮರಾಠಿ ಬರುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ.

ಅವತ್ತು ಭೋಸರಿಯಿಂದ ಮಾನಪ್ಪನವರೆಗೆ ಬಂದಿದ್ದೆ. ಅಲ್ಲಿ ಒಂದು ಬಸ್ಸು ಬಂದು ನಿಂತಿತು. ಹಣೆಯ ಮೇಲೆ 'ಕ' ಓಡುವುದನ್ನು ನೋಡಿದೆ. ಮುಂದಿನದು ಸಿಗಲಿಲ್ಲ. ಪಕ್ಕದಲ್ಲಿ ಒಬ್ಬಳು ಹುಡುಗಿ ನಿಂತಿದ್ದಳು. "ಕೋಥರೂಡ ಕಾ?" ಎಂದು ಕೇಳಿದೆ. ಅವಳು ಜೋರಾಗಿ ತಲೆ ಆಡಿಸಿದಳು. ಹತ್ತಿದೆ, ಸೀಟು ಸಿಕ್ಕಿತು, ತೂಕಡಿಕೆ ಬಂತು. ಕಣ್ಣು ಬಿಟ್ಟರೆ ಕಾತ್ರಜ. ಕೋಥರೂಡಕ್ಕೂ ಕಾತ್ರಜಕ್ಕೂ ಮೊದಲಿನ ಅಕ್ಷರ ಒಂದೇ, ಉಳಿದದ್ದೆಲ್ಲ ಬೇರೆ. ಊರು ಆ ತುದಿ, ಈ ತುದಿ. ಆ ಹುಡುಗಿಯೂ ಅದೇ ಬಸ್ಸಿನಲ್ಲಿ ನನ್ನ ಮುಂದೆಯೇ ಕೂತಿದ್ದಳು, ಇನ್ನೂ ತಲೆ ಆಡಿಸುತ್ತಲೇ ಇದ್ದಳು. ಕೂದಲ ಕೆಳಗೆ, ಕಿವಿಯಲ್ಲಿ ಬಿಳಿಯದೊಂದು ಬಿರಡೆ. ಅವಳು ತಲೆ ಆಡಿಸಿದ್ದು ಹಾಡಿಗೆ, ನನಗಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ಗಾದೆ ಇದೆ. ಎದುರಿನವರ ಕಿವಿಗೆ ಬಿರಡೆ ಬಿದ್ದ ಮೇಲೆ ಬಾಯಿ ಕಟ್ಟಿಕೊಂಡು ಏನು ಮಾಡುವುದು ಎಂದು ಗಾದೆ ಮಾಡಿದವರು ಹೇಳಿಲ್ಲ.

ಮನೆ ಸೇರುವಾಗ ದೀಪ ಹಚ್ಚಿದ್ದರು. ಸುರೇಶ ಬಾಗಿಲಲ್ಲೇ ನಿಂತಿದ್ದ. ಅವನು ಕೂಗಾಡುವವನಲ್ಲ. ಕೂಗಾಡಿದರೆ ನಾನೂ ಕೂಗಾಡಬಹುದು ಎಂದು ಅವನಿಗೆ ಗೊತ್ತು. ಮರುದಿನ ಒಂದು ಹೊಸ ಫೋನು ತಂದು ನನ್ನ ಕೈಯಲ್ಲಿಟ್ಟ.

"ಅವ್ವಾ, ಇದಕ್ಕ ಅಕ್ಷರ ಬೇಕಾಗಿಲ್ಲ. ಬಾಯಿಲೆ ಹೇಳು, ತಾನ ತಿಳ್ಕೋತದ. ಮನಿ ಮುಂದ ರಿಕ್ಷಾ ಬರ್ತದ, ಮನಪಾಕ್ಕ ಬಿಡ್ತದ. ಅಲ್ಲಿಂದ ಭೋಸರಿ ಬಸ್ಸು ಸುರುವಾಗೋದ, ನಿನಗ ಜಾಗಾ ಗೊತ್ತದ. ತಪ್ಪು ಬಸ್ಸಿನ ಪ್ರಶ್ನೆನ ಇಲ್ಲ."

"ನಾ ಹೇಳಿದ್ದು ಇದಕ್ಕ ತಿಳೀದಿದ್ರ?"

"ತಿಳೀತದ. ನೀ ಹೇಳಿದ ಕೂಡಲೆ ಒಂದರ ಕೆಳಗ ಒಂದು ಹೆಸರು ಬರ್ತಾವ. ಎಲ್ಲಕ್ಕಿಂತ ಮ್ಯಾಲಿಂದು ಒತ್ತು. ಅಷ್ಟ."

"ಮ್ಯಾಲಿಂದು ತಪ್ಪಿದ್ರ?"

"ಮ್ಯಾಲಿಂದು ತಪ್ಪಂಗಿಲ್ಲ ಅವ್ವಾ. ತಪ್ಪಿದ್ದು ಕೆಳಗಿರ್ತದ."

ಕಲಿತ ಮಗ ಹೇಳಿದ ಮೇಲೆ ಮುಗಿಯಿತು. ಅವನ ಫೋನಿನಲ್ಲಿ ನಾನು ಒಂದು ನೀಲಿ ಚುಕ್ಕಿಯಾಗಿ ಕಾಣುತ್ತೇನಂತೆ. ನಾನು ಎಲ್ಲಿ ಹೋದರೆ ಆ ಚುಕ್ಕಿ ಅಲ್ಲಿ ಹೋಗುತ್ತದಂತೆ. ತೋರಿಸಿದ. ಇಷ್ಟು ದೊಡ್ಡ ಮೈ, ಇಷ್ಟು ವರ್ಷದ ಬಾಳ್ವೆ, ಸಾಸಿವೆಕಾಳಿನಷ್ಟು ಕಂಡಿತು. ಕೊನೆಗೆ ಅವನು ನಿಧಾನವಾಗಿ ಇನ್ನೊಂದು ಮಾತು ಸೇರಿಸಿದ. "ಒಂದು ವಾರ ನೋಡೋಣು. ಸರಿಹೋದ್ರ ಸರಿ. ಇಲ್ಲಾಂದ್ರ ಒಬ್ಬಕೀನ ಹೋಗೋದು ಬಂದ್." ಹುಡುಗರಿಗೆ ಪರೀಕ್ಷೆಗೆ ಒಂದು ವರ್ಷ ಕೊಡುತ್ತಾರೆ. ನನಗೆ ಕೊಟ್ಟದ್ದು ಒಂದು ವಾರ.

ನಾನು ಮೊದಲನೆಯ ದಿನವೇ ನಪಾಸಾದೆ.

ಬೆಳಿಗ್ಗೆ ಕೆಳಗೆ ಇಳಿದು, ಫೋನನ್ನು ತುಟಿಯ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, "ಮಾನಪ್ಪ" ಎಂದೆ. ಅದು ಕೇಳಿಸಿಕೊಂಡಿತು. ಒಂದರ ಕೆಳಗೊಂದು ಹೆಸರು ಬಂದವು, ಎಲ್ಲ ಇಂಗ್ಲಿಷಿನಲ್ಲಿ. ಮೇಲಿನದನ್ನು ಒತ್ತಿದೆ. ರಿಕ್ಷಾ ಬಂತು. ರಿಕ್ಷಾದವನು ನನ್ನಷ್ಟು ಅಲ್ಲದಿದ್ದರೂ ವಯಸ್ಸಾದವನು, ಗಡ್ಡವೆಲ್ಲ ಬೆಳ್ಳಗೆ. ಅವನ ಮುಂದೆಯೂ ಒಂದು ಫೋನು ಸಿಕ್ಕಿಸಿತ್ತು. ಅದರೊಳಗಿಂದ ಒಬ್ಬಳು ಹೆಂಗಸು ಮರಾಠಿಯಲ್ಲಿ ಬಲಕ್ಕೆ ಹೊರಳು, ಎಡಕ್ಕೆ ಹೊರಳು ಎಂದು ಅಪ್ಪಣೆ ಕೊಡುತ್ತಿದ್ದಳು. ಮೊದಲ ತಿರುವಿನಲ್ಲೇ ನನಗೆ ಸಂಶಯ ಬಂತು. ಎರಡನೆಯ ತಿರುವಿನಲ್ಲಿ ಗುಡ್ಡ ಈ ಕಡೆ ಇರಬೇಕಾದದ್ದು ಆ ಕಡೆ ಹೋಯಿತು.

"ಅಹೋ, ಮನಪಾ ಇಕಡೇ ನಾಹೀ" ಎಂದೆ, ಮನಪಾ ಈ ಕಡೆ ಅಲ್ಲ ಎಂದು.

"ಆಜೀ, ತುಮ್ಹೀಚ್ ಟಾಕಲಂಯ್ ನಾ" ಎಂದ. ನೀವೇ ಹಾಕಿದ್ದಲ್ಲವೇ, ಮ್ಯಾಪು ಹೀಗೇ ತೋರಿಸುತ್ತಿದೆ ಎಂದು ಫೋನಿನ ಕಡೆ ಕೈಮಾಡಿದ.

ಅವನಿಗೆ ಮನಪಾ ಎಲ್ಲಿದೆ ಎಂದು ಗೊತ್ತಿರಲಿಲ್ಲವೇ? ಅವನ ರಿಕ್ಷಾಕ್ಕೇ ಗೊತ್ತಿದ್ದೀತು, ಸುಮ್ಮನೆ ಬಿಟ್ಟಿದ್ದರೆ ತಾನೇ ಹೋಗುತ್ತಿತ್ತು. ಆದರೆ ಈಗ ಗೊತ್ತಿದ್ದು ಉಪಯೋಗವಿಲ್ಲ. ಫೋನು ಹೇಳಿದ ಜಾಗದಲ್ಲಿ ಇಳಿಸಿದರೆ ಮಾತ್ರ ಅವನ ಬಾಡಿಗೆ ಬಾಡಿಗೆ. ಹಿಂದೆ ಕೂತವಳಿಗೆ ಬಾಯಿ ಇದೆ, ಮುಂದೆ ಕೂತವನಿಗೆ ಬುದ್ಧಿ ಇದೆ, ನಡುವೆ ಆ ಹೆಂಗಸು ಒಬ್ಬಳೇ ಮಾತಾಡುತ್ತಾಳೆ. ನಾವಿಬ್ಬರೂ ಅವಳಿಗೆ ಹೆದರಿ ಕೂತೆವು. ಅವಳು ಒಮ್ಮೆಯೂ ಅನುಮಾನಿಸಲಿಲ್ಲ, ಒಮ್ಮೆಯೂ ದನಿ ಏರಿಸಲಿಲ್ಲ. ನನ್ನ ಅತ್ತೆಯೂ ಹೀಗೆಯೇ ಇದ್ದಳು. ಅವಳ ಮಾತು ಕೇಳಿಯೂ ನಾನು ಎಲ್ಲಿಗೂ ಸರಿಯಾಗಿ ತಲುಪಿರಲಿಲ್ಲ.

ರಿಕ್ಷಾ ವಾರಜೆಯಲ್ಲಿ, ಹೆದ್ದಾರಿಯ ಪಕ್ಕ ಹೋಗಿ ನಿಂತಿತು. ಆ ಹೆದ್ದಾರಿ ಹಿಡಿದರೆ ಬೆಳಗಾವಿ. ಇನ್ನು ಸ್ವಲ್ಪ ಸುಮ್ಮನೆ ಕೂತಿದ್ದರೆ ತವರುಮನೆಗೇ ಬಿಡುತ್ತಿದ್ದನೋ ಏನೋ. ಇಳಿದು ನೋಡಿದರೆ ಒಂದು ತಗಡಿನ ಅಂಗಡಿ, ಮುಂದೆ ಟಾಯರುಗಳ ರಾಶಿ. ಮೇಲೆ ಬಣ್ಣದ ಫಲಕ, ನಿಂತ ಅಕ್ಷರ. ಬಿಸಿಲಿಗೆ ಕೈ ಅಡ್ಡ ಹಿಡಿದು ಒಂದೊಂದಾಗಿ ಓದಿದೆ. ಮಾ. ನ. ಪ್ಪಾ. ಟಾಯರ್ಸ್.

ಒಳಗಿಂದ ಒಬ್ಬ ಸಣಕಲು ಮನುಷ್ಯ ಕೈ ಒರೆಸಿಕೊಳ್ಳುತ್ತ ಬಂದ. ಬನಿಯನ್ನು ಯಾವ ಬಣ್ಣದ್ದಾಗಿತ್ತು ಎಂದು ಹೇಳುವುದು ಕಷ್ಟ. "ಯಾ ಆಜೀ, ಕಾಯ್ ಪಾಹಿಜೇ?" ಎಂದ, ಬನ್ನಿ ಅಜ್ಜಿ, ಏನು ಬೇಕು ಎಂದು.

"ನೀ ಮಾನಪ್ಪ ಏನು?" ಎಂದೆ, ಕನ್ನಡದಲ್ಲೇ.

ಅವನ ಮುಖ ಅರಳಿತು. "ಹೌದ್ರಿ ಯವ್ವಾ! ನೀವು ಯಾರ ಪೈಕಿ?"

"ನಿನ್ನ ಸ್ಟಾಪಿನ್ಯಾಗ ಐವತ್ತು ವರ್ಷದಿಂದ ಹತ್ತಿ ಇಳೀಲಿಕ್ಕತ್ತೀನಿ. ಇವತ್ತ ಮಾರಿ ನೋಡಿದೆ."

"ನನ್ನ ಸ್ಟಾಪು? ಯವ್ವಾ, ನನಗ ಮನ್ಯಾಗ ಹೆಂಡತಿ ಮುಂದ ನಿಂದರಾಕ ಜಾಗಾ ಇಲ್ಲ. ನನ್ನ ಹೆಸರೀಲೆ ಸ್ಟಾಪು ಯಾವ ಪುಣ್ಯಾತ್ಮ ಮಾಡಿದ?"

ಒಂದು ಟಾಯರಿನ ಮೇಲೆ ಗೋಣಿತಟ್ಟು ಹಾಸಿ ನನ್ನನ್ನು ಕೂಡ್ರಿಸಿದ. ಚಹಾ ತರಿಸಿದ. ನಾನು ವಿಷಯ ಹೇಳಿದೆ. ಅವನು ನಕ್ಕ ನಗೆಗೆ ಗಾಳಿ ಹಾಕಿಸಿಕೊಳ್ಳಲು ಬಂದ ಸ್ಕೂಟರಿನವನೊಬ್ಬ ಬೆಚ್ಚಿ ಬಿದ್ದ.

"ನೀವ ಮೊದಲಿನವ್ರಲ್ರಿ ಯವ್ವಾ. ಹೋದ ಮಳಿಗಾಲದಾಗ ಒಬ್ರು ನಮ್ಮ ಕಡ್ಯಾವ್ರ ಹಿಂಗ ಬಂದಿದ್ರು. ಮೊಮ್ಮಗನ ಹುಟ್ಟಿದ ಸರ್ಟಿಫಿಕೇಟ್ ಬೇಕಂತ. ಇದ ಟಾಯರ್ ಮ್ಯಾಲ ಭಾಳೊತ್ತ ಕುಂತ್ರು. ಆಮ್ಯಾಲ ಸಾವಕಾಶ ಕೇಳಿದ್ರು, 'ಸಾಹೇಬ್ರು ಎಷ್ಟಕ್ಕ ಬರ್ತಾರ' ಅಂತ."

"ನೀ ಏನಂದಿ?"

"ಊಟಕ್ಕ ಹೋಗ್ಯಾರ ಅಂದೆ. ಆಫೀಸ್ ಅಂದ ಮ್ಯಾಲ ಹಂಗ ಅನ್ನಬೇಕಲ್ರಿ."

ನನ್ನ ಸಾಹುಕಾರ ಮಾನಪ್ಪನ ರುಮಾಲು, ಒಂಟಿ, ಹೊಟ್ಟೆ ಎಲ್ಲ ಆ ಬನಿಯನ್ನಿನ ಮುಂದೆ ಕರಗಿ ಹೋದವು. ದುಃಖವೇನೂ ಆಗಲಿಲ್ಲ. ಚಹಾ ಚೆನ್ನಾಗಿತ್ತು. ಆ ಸಾಹುಕಾರ ಚಹಾ ಕೊಡುತ್ತಿದ್ದನೆಂದು ನನಗೆ ನಂಬಿಕೆ ಇಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗೌರವ್ವ.

"ಅಕ್ಕಾ, ಎಲ್ಲಿದ್ದಿ? ಹಿಟ್ಟು ಹಂಗ ಕುಂತದ."

"ಮಾನಪ್ಪನ ಹತ್ರ ಇದ್ದೀನಿ."

"ಹಂಗಾರ ಬಂದಂಗ ಆತು. ಲಗೂನ ಬಸ್ ಹತ್ತು."

"ಆ ಮಾನಪ್ಪ ಅಲ್ಲ ಗೌರಾ. ಖರೇ ಮಾನಪ್ಪ."

"ಖರೇ ಮಾನಪ್ಪ ಅಂದ್ರ?"

"ಟಾಯರ್ ಮಾರ್ತಾನ. ಮುಂದ ಕುಂತಾನ."

ಗೌರವ್ವ ದನಿ ಇಳಿಸಿ ಮೆತ್ತಗೆ, "ಅಕ್ಕಾ, ಬಿಸಲಾಗ ನಿಂತಿಯೇನು? ನೆರಳಿಗೆ ಸರಿ. ನೀರು ಕುಡಿ" ಎಂದಳು. ಇಷ್ಟು ಪ್ರೀತಿಯಿಂದ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಅದರ ಬೆನ್ನಿಗೇ ಸುರೇಶ. ಆಫೀಸಿನಲ್ಲಿ ಕೂತು ಚುಕ್ಕಿ ನೋಡಿದ್ದಾನೆ.

"ಅವ್ವಾ, ವಾರಜೆದಾಗ ಏನು ಮಾಡ್ಲಿಕ್ಕತ್ತಿ?"

"ಚಾ ಕುಡೀಲಿಕ್ಕತ್ತೀನಿ. ನೀ ಹೇಳಿದಂಗ ಮ್ಯಾಲಿಂದ ಒತ್ತೀನಿ."

"ಅಲ್ಲೇ ಕುಂದ್ರು. ಅಲ್ಲಾಡಬ್ಯಾಡ."

ಮಾನಪ್ಪ ತನ್ನ ಗಾಡಿಯಲ್ಲಿ ನನ್ನನ್ನು ಭೋಸರಿ ಬಸ್ಸಿಗೆ ಬಿಟ್ಟು ಬರುತ್ತೇನೆಂದ. ನಾನೇ ಬೇಡವೆಂದೆ. ಚುಕ್ಕಿ ಅಲ್ಲಾಡಿದರೆ ಆಫೀಸಿನಲ್ಲಿ ಕೂತವನ ಎದೆ ಒಡೆದೀತು. ಸುರೇಶ ಅರ್ಧ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಬಂದ. ಮಾನಪ್ಪ ಅವನ ಹಿಂದಿನ ಚಕ್ರವನ್ನು ಒತ್ತಿ ನೋಡಿ, ಕೇಳದೆಯೇ ಗಾಳಿ ತುಂಬಿಸಿದ. ಮಗ ನನ್ನನ್ನು ಹಿಂದೆ ಕೂಡ್ರಿಸಿಕೊಂಡು ನೇರ ಮನೆಗೆ ತಂದು ಬಿಟ್ಟ.

ಅವತ್ತು ಖಾನಾವಳಿಯಲ್ಲಿ ಗೌರವ್ವ ಅನ್ನ ಬಡಿಸಿದಳು. ಜೋಳ ತಿಂದು ಬೆಳೆದ ಗಂಡಸಿಗೆ ಮಧ್ಯಾಹ್ನ ಬರೀ ಅನ್ನ ಬಡಿಸಿದರೆ ತನಗೆ ಜ್ವರ ಬಂದಿರಬೇಕೆಂದು ಹಣೆ ಮುಟ್ಟಿ ನೋಡಿಕೊಳ್ಳುತ್ತಾನೆ. "ತಾಟು ಸರಿಸಿ, 'ಅಜ್ಜಿ ಹ್ವಾದ್ಲೇನ್ರಿ' ಅಂತ ಕೇಳ್ಯಾರ ಅಕ್ಕಾ" ಎಂದು ಗೌರವ್ವ ಸಂಜೆ ಫೋನಿನಲ್ಲಿ ಹೇಳಿದಳು. "ಇಲ್ಲ, ವಾರಜೆದಾಗ ಅದಾಳ ಅಂದೆ. ನಂಬಲಿಲ್ಲ."

ಊಟ ಆದ ಮೇಲೆ ಸುರೇಶ ತೀರ್ಪು ಹೇಳಿದ. ಹೋಗಬೇಡ ಎಂದಿದ್ದರೆ ಜಗಳಾಡಬಹುದಿತ್ತು. ಅವನು ಅದಕ್ಕಿಂತ ಕೆಟ್ಟದ್ದನ್ನು ಭಾಳ ಪ್ರೀತಿಯಿಂದ ಹೇಳಿದ.

"ನಾಳಿಯಿಂದ ನಾನ ಬುಕ್ ಮಾಡ್ತೀನಿ ಅವ್ವಾ. ಕಾರು. ಇಲ್ಲಿ ಬಾಗಲದಿಂದ ಅಲ್ಲಿ ಬಾಗಲಕ್ಕ. ನೀ ಡ್ರೈವರಗ ನಾಲ್ಕು ಅಂಕಿ ಹೇಳಿ ಕುಂದ್ರು, ಸಾಕು. ಅಲ್ಲಿ ಕಾಕು ಇಳಿಸ್ಕೋತಾಳ. ಮುಟ್ಟಿದ ಕೂಡಲೆ ನನಗ ತಿಳೀತದ. ಸಂಜೀಕ ವಾಪಸ್ ತರಸ್ತೀನಿ."

"ಅಂದ್ರ ಪಾರ್ಸಲ್."

"ಪಾರ್ಸಲ್ ಅಲ್ಲ, ಅವ್ವಾ. ಸೇಫ್ಟಿ."

"ಎಸಿ ಇರ್ತದ್ರಿ ಅತ್ತೀ" ಎಂದಳು ಸುಜಾತಾ, ತಟ್ಟೆ ಎತ್ತುತ್ತ. "ನಮಗ ಯಾರು ಹಿಂಗ ಮಾಡ್ತಾರ್ರಿ? ನಾ ಆಗಿದ್ರ ಕಾಲ ಮ್ಯಾಲ ಕಾಲ ಹಾಕಿ ಕುಂತು ಹೋಗತಿದ್ದೆ."

"ನಡುವ ಇಳೀಬೇಕನಿಸಿದ್ರ?" ಎಂದು ಕೇಳಿದೆ.

ಸುರೇಶ ನನ್ನ ಮುಖ ನೋಡಿದ. ಖರೇನೇ ತಿಳಿಯದವನ ಹಾಗೆ ನೋಡಿದ. "ನಡುವ ಯಾಕ ಇಳೀತಿ?"

ಅದಕ್ಕೆ ಏನು ಹೇಳುವುದು, ನೀವೇ ಹೇಳಿ. ನದಿಗೆ ನೀರು ಬಂದಿದೆಯೋ ನೋಡಲು ಇಳಿಯುತ್ತೇನೆ. ಮೆಂತೆಸೊಪ್ಪು ಹಸಿರಾಗಿ ಕಂಡರೆ ಇಳಿಯುತ್ತೇನೆ. ಇಬ್ಬರು ಜಗಳಾಡುತ್ತಿದ್ದರೆ, ತಪ್ಪು ಯಾರದೆಂದು ತಿಳಿಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ, ಇಳಿಯುತ್ತೇನೆ. ಒಮ್ಮೊಮ್ಮೆ ಏನೂ ಇಲ್ಲದೆ, ಇಳಿಯಬೇಕೆನಿಸಿತು ಎಂದು ಇಳಿಯುತ್ತೇನೆ. ಯಾರನ್ನೂ ಕೇಳದೆ ಇಳಿಯಲು ಈ ಎಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕ ಜಾಗ ಬಸ್ಸೊಂದೇ. ಅಪ್ಪನ ಮನೆಯಿಂದ ಗಂಡನ ಮನೆಗೆ ಕಳಿಸಿದರು, ಅದೂ ಬಾಗಿಲಿಂದ ಬಾಗಿಲಿಗೆ. ಅಲ್ಲಿಂದ ಪುಣೆಗೆ ತಂದರು. ಭೋಸರಿಯಿಂದ ಕೋಥರೂಡಕ್ಕೆ ತಂದದ್ದು ಇದೇ ಮಗ, ಟೆಂಪೋದಲ್ಲಿ ಕಪಾಟಿನ ಪಕ್ಕ ಕೂಡ್ರಿಸಿಕೊಂಡು. ಇಷ್ಟೆಲ್ಲ ಅವನ ಮುಂದೆ ಹೇಳಿದರೆ ಅವ್ವಗೆ ಏನೋ ದುಃಖವಾಗಿದೆ ಎಂದು ತಿಳಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ನನಗೆ ದುಃಖವಾಗಿರಲಿಲ್ಲ. ಸಿಟ್ಟು ಬಂದಿತ್ತು.

"ಆಗಲಿ ಬುಕ್ ಮಾಡು" ಎಂದೆ. ಅವನು ಖುಷಿಯಿಂದ ಮಲಗಿದ.

ಮರುದಿನ ಬೆಳಿಗ್ಗೆ ಬೇಗ ಎದ್ದೆ. ಗೌರವ್ವನಿಗೆ ಫೋನು ಮಾಡಿ, "ಗೌರಾ, ಇವತ್ತ ಕಾರಿನ್ಯಾಗ ಹಿಟ್ಟು ಬರ್ತದ, ಇಳಿಸ್ಕೋ. ಹಿಂದ ನಾ ಬರ್ತೀನಿ" ಎಂದೆ. ಹಿಟ್ಟನ್ನು ನಾನು ಕೋಥರೂಡದ ಗಿರಣಿಯಲ್ಲೇ ಬೀಸಿಸುತ್ತೇನೆ. ಭೋಸರಿಯ ಗಿರಣಿಯವನು ಗೋದಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾನೆ. ತುಂಬಿದ ಚೀಲವೊಂದು ಬಾಗಿಲ ಹತ್ತಿರ ಇತ್ತು. ಸುರೇಶ, ಸುಜಾತಾ ತಮ್ಮ ತಮ್ಮ ಕೆಲಸಕ್ಕೆ ಹೋದ ಮೇಲೆ ಅದನ್ನು ಲಿಫ್ಟಿಗೆ ಎಳೆದುಕೊಂಡು ಕೆಳಗಿಳಿದೆ. ಕಾರು ಹೇಳಿದ ಹೊತ್ತಿಗೆ ಬಂತು, ತಪ್ಪು ಹೇಳಬಾರದು. ಡ್ರೈವರ ಇಳಿದು ಬಂದು ಚೀಲವನ್ನು ಹಿಂದಿನ ಸೀಟಿನ ಮೇಲಿಟ್ಟ. ನಾನು ಅದಕ್ಕೆ ಸೀಟಿನ ಪಟ್ಟಾ ಕಟ್ಟಿದೆ. ಫೋನನ್ನು ಅದರ ಬಾಯೊಳಗೆ ತುರುಕಿ ಹಗ್ಗ ಬಿಗಿದೆ.

"ಆಜೀ, ತುಮ್ಹೀ?" ಎಂದು ಕೇಳಿದ.

ಪಾರ್ಸಲ್ ಇದೇ ಎಂದೆ. ನಾಲ್ಕು ಅಂಕಿ ಹೇಳಿದೆ. ಅವನು ಒತ್ತಿ ನೋಡಿದ, ಅಂಕಿ ಕೂಡಿದವು, ಅವನಿಗೆ ಅಷ್ಟೇ ಬೇಕಾಗಿತ್ತು. ಕಾರು ಹೊರಟಿತು. ಚುಕ್ಕಿ ಸರಿಯಾದ ದಾರಿಯಲ್ಲಿ, ತಣ್ಣಗೆ, ಎಲ್ಲೂ ಇಳಿಯದೆ ಭೋಸರಿಗೆ ಹೋಯಿತು.

ನಾನು ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಸ್ಟಾಪಿಗೆ ನಡೆದೆ. ಬಸ್ಸು ಬಂದಾಗ ಅದರ ಹಣೆಯನ್ನು ನೋಡಲೇ ಇಲ್ಲ. ಬಾಗಿಲಲ್ಲಿ ಒಂದು ಕಾಲಿಟ್ಟು, ಹಿಂದಿನ ಸೀಟಿನವರೆಗೂ ಕೇಳುವ ಹಾಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕಂಡಕ್ಟರ್ ಬಾಯಿ ಬಿಟ್ಟು ಹೇಳುವವರೆಗೆ ಕಾಲು ತೆಗೆಯಲಿಲ್ಲ. ಒಳಗೆ ಕೂಡಲು ಜಾಗವಿರಲಿಲ್ಲ, ಕಂಬ ಹಿಡಿದು ನಿಂತೆ. ನಡುವೆ ಒಂದು ಕಡೆ ಬಸ್ಸು ನಿಂತಿತು. ಅಲ್ಲಿ ನನಗೆ ಏನೂ ಕೆಲಸವಿರಲಿಲ್ಲ. ಇಳಿದೆ.